ಅಪ್‌ಡೇಟ್: ಮಗನ ಮೊಣಕೈಯ ಕುರು ವಾಸಿಯಾಯಿತು

ಟೆಕ್ಸಾಸ್‌ನ ಶಾಲೆಯೊಂದರಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುವ ನನ್ನ ಮಗನ ಮೊಣಕೈಯ ಕುರು ಅಮಾಕ್ಸಿಸಿಲಿನ್‌ಗೂ (ಪೆನಿಸಿಲಿನ್ ಗುಂಪಿನ ಆ್ಯಂಟಿಬಯಾಟಿಕ್ ಮಾತ್ರೆ) ಬಗ್ಗುತ್ತಿಲ್ಲ, ಏನು ಮಾಡಲಿ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಅರಿಶಿನದ ಲೇಪದಿಂದ ಪ್ರಯೋಜನವಾಗಲಿಲ್ಲ. ವೈದ್ಯರಿಂದಲೇ ಕೀವು ತೆಗೆಸಿ ಕಲ್ಚರ್ ಪರೀಕ್ಷೆ (ಕೀವಿನಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಮಾಡಿಸಿ ಎಂದವರ ಸಲಹೆಯೇ ಫಲಿಸಿತು, ಅವರಿಗೆ ಮನಸಾರೆ ಕೃತಜ್ಞತೆಗಳು. ವರದಿಯಲ್ಲಿ ಎಂಆರ್‌ಎಸ್‌ಎ ಎಂದು ಬಂತು, ಅಂದರೆ ಮೆಥಿಸಿಲಿನ್‌ನಂಥ ಪೆನಿಸಿಲಿನ್‌ಗಳಿಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಪೆನಿಸಿಲಿನ್ ಗುಂಪಿನ ಔಷಧಗಳು ಅಂಟಿಕೊಳ್ಳಲಾಗದ ಬದಲಿ ಪ್ರೋಟೀನೊಂದನ್ನು ಈ ಬ್ಯಾಕ್ಟೀರಿಯಾ ತಯಾರಿಸಿಕೊಳ್ಳುವುದರಿಂದ ಮೊದಲಿನ ಮಾತ್ರೆ ನಾಟಿರಲಿಲ್ಲ. ಕೀವು ತೆಗೆದು, ಟ್ರೈಮೆಥೊಪ್ರಿಮ್-ಸಲ್ಫಾಮೆಥಾಕ್ಸಜೋಲ್ ಎಂಬ ಬೇರೆ ಗುಂಪಿನ ಆ್ಯಂಟಿಬಯಾಟಿಕ್ ಕೊಟ್ಟ ಮೇಲೆ ಗಾಯ ಒಣಗಿತು.

ನನಗೆ ಅಚ್ಚರಿ ತಂದದ್ದು ಬೇರೆಯೇ ಸಂಗತಿ: 2003ರಲ್ಲಿ ವೃತ್ತಿಪರ ತಂಡವಾದ ಸೇಂಟ್ ಲೂಯಿಸ್ ರ‍್ಯಾಮ್ಸ್‌ನ 58 ಆಟಗಾರರ ಪೈಕಿ 5 ಮಂದಿಗೆ ಇದೇ ಸೋಂಕು ತಗಲಿತ್ತು, ಅದೂ ಮೈದಾನದ ಹುಲ್ಲುಹಾಸಿನ ಮೇಲೆ ಉಜ್ಜಿ ತರಚಿದ ಜಾಗಗಳಲ್ಲೇ. ಮಗ ಈಗ ತರಚಿದ ಕೂಡಲೇ ತೊಳೆದು ಬ್ಯಾಂಡೇಜು ಹಾಕುತ್ತಾನೆ, ಟವೆಲನ್ನು ಯಾರೊಂದಿಗೂ ಹಂಚಿಕೊಳ್ಳುವುದಿಲ್ಲ.