ನರಹತ್ಯೆ, ಕೊಲೆ, ಉದ್ದೇಶ: ಗುಂಪು ಹೊಡೆದು ಕೊಂದಾಗ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಸುಪ್ರೀಂ ಕೋರ್ಟು 1976ರಲ್ಲಿ ಕೊಟ್ಟ ಪುನ್ನಯ್ಯ ಪ್ರಕರಣದ ತೀರ್ಪನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ನಿಮ್ಮ ಸಹಾಯ ಬೇಕು.

ಮೊದಲು ಪ್ರಕರಣ ಹೇಳಿಬಿಡುತ್ತೇನೆ. ಆಂಧ್ರದ ಒಂದು ಊರು, ಅಲ್ಲಿ ಎರಡು ಪಂಗಡ. ಒಂದು ಪಂಗಡದ ಹಿರಿಯರೊಬ್ಬರನ್ನು ಇನ್ನೊಂದು ಪಂಗಡದವರು ದಪ್ಪ ದೊಣ್ಣೆಯಿಂದ ಕೈಕಾಲಿಗೆ ಹೊಡೆದರು. ಮೈಮೇಲೆ 19 ಗಾಯ. ಮರುದಿನ ಬೆಳಗ್ಗೆ ಅವರು ತೀರಿಕೊಂಡರು. ಏಟೆಲ್ಲ ಕೈಕಾಲಿಗೆ ಬಿದ್ದಿದೆ, ಜೀವಕ್ಕೆ ಕುತ್ತು ತರುವ ಜಾಗಕ್ಕೆ ಬಿದ್ದಿಲ್ಲ ಎಂದು ಹೈಕೋರ್ಟು ಅಪರಾಧವನ್ನು ಹಳೆಯ ದಂಡ ಸಂಹಿತೆಯ ಕಲಂ 302ರಿಂದ (ಕೊಲೆ) 304ರ ಎರಡನೇ ಭಾಗಕ್ಕೆ (ಕೊಲ್ಲುವ ಮನಸ್ಸಿಲ್ಲದಿದ್ದರೂ ಸಾಯಬಹುದೆಂದು ಗೊತ್ತಿದ್ದೇ ಮಾಡಿದ್ದು, ಶಿಕ್ಷೆ ಕಮ್ಮಿ) ಇಳಿಸಿತು. ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಗಾಯಗಳನ್ನು ಬೇಕೆಂದೇ ಮಾಡಿದ್ದಾರೆ, ಅಷ್ಟೂ ಗಾಯ ಸೇರಿದರೆ ಮನುಷ್ಯ ಸಾಯುವುದಕ್ಕೆ ಸಾಕು, ಆದ್ದರಿಂದ ಇದು ಕೊಲೆಯೇ ಎಂದಿತು.

ಅದೇ ತೀರ್ಪು ಹೇಳುವ ಪ್ರಕಾರ ಕಲ್ಪಬಲ್ ಹೋಮಿಸೈಡ್ (ಶಿಕ್ಷೆಗೆ ಅರ್ಹವಾದ ರೀತಿಯಲ್ಲಿ ಮನುಷ್ಯನ ಸಾವಿಗೆ ಕಾರಣವಾಗುವುದು) ಎನ್ನುವುದು ದೊಡ್ಡ ಕುಲ, ಮರ್ಡರ್ ಅಂದರೆ ಕೊಲೆ ಅದರೊಳಗಿನ ಒಂದು ಬಗೆ. ಮರ್ಡರ್ ಎಲ್ಲವೂ ಹೋಮಿಸೈಡ್, ಆದರೆ ಹೋಮಿಸೈಡ್ ಎಲ್ಲವೂ ಮರ್ಡರ್ ಅಲ್ಲ. ಇದನ್ನು ಕನ್ನಡದಲ್ಲಿ ಹೇಗೆ ಹೇಳುವುದು? ‘ದಂಡಾರ್ಹ ನರಹತ್ಯೆ’, ‘ಕೊಲೆಯಲ್ಲದ ಮಾನವ ಹತ್ಯೆ’ ಎಂದೆಲ್ಲ ಬಳಕೆಯಲ್ಲಿದೆ. ನನ್ನ ತಕರಾರು ‘ನರಹತ್ಯೆ’ಯ ಬಗ್ಗೆ. ನಮ್ಮ ಕಿವಿಗೆ ನರಹತ್ಯೆ ಅಂದರೆ ಕೊಲೆಗಿಂತ ಜಾಸ್ತಿ ಘೋರವಾದದ್ದು, ಹೆಚ್ಚುಕಡಿಮೆ ನರಮೇಧ, ಅಲ್ವಾ? ಕಾನೂನಿನಲ್ಲಿ ಅದು ಉಲ್ಟಾ. ‘ಕೊಲೆ ಅಲ್ಲ, ನರಹತ್ಯೆ’ ಎಂದು ಕೋರ್ಟು ಹೇಳಿದರೆ ಶಿಕ್ಷೆ ಕಮ್ಮಿಯಾಗುತ್ತದೆ. ಸತ್ತವರ ಮನೆಯವರು ಈ ಸಾಲನ್ನು ಪೇಪರಿನಲ್ಲಿ ಓದಿದರೆ ಏನೆಂದುಕೊಳ್ಳಬೇಕು? ಇನ್ನೊಂದು ಕಡೆ, ಪೇಪರುಗಳು ‘ಗುಂಪುಹತ್ಯೆ’ ಎಂದು ಬರೆಯುವುದನ್ನು ಹಳೆಯ ದಂಡ ಸಂಹಿತೆಯ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 103(2) ಕೊಲೆ ಎಂದೇ ಕರೆಯುತ್ತದೆ. ಐದು ಅಥವಾ ಹೆಚ್ಚು ಜನ ಸೇರಿ ಜಾತಿ, ಭಾಷೆ, ಹುಟ್ಟಿದ ಊರು, ನಂಬಿಕೆ ಇಂಥ ಕಾರಣಕ್ಕೆ ಕೊಂದರೆ ಪ್ರತಿಯೊಬ್ಬನಿಗೂ ಮರಣದಂಡನೆ ಇಲ್ಲವೇ ಜೀವಾವಧಿ. ಸದ್ಯಕ್ಕೆ ನಾನು ‘ಸಾವಿಗೆ ಕಾರಣವಾದ ಅಪರಾಧ’ ಎಂದು ಬರೆದಿದ್ದೇನೆ. ಉದ್ದವಾಯಿತು, ಗೊತ್ತು. ಆದರೆ ತಪ್ಪು ಅರ್ಥ ಕೊಡುವುದಿಲ್ಲ.

ಎರಡನೆಯ ಪದ ‘ಉದ್ದೇಶ’, ಅದು ಇನ್ನೂ ಕಷ್ಟ. ಎಫ್‌ಐಆರ್‌ಗಳಲ್ಲಿ ‘ಅಕ್ರಮ ಕೂಟ ಕಟ್ಟಿಕೊಂಡು, ಸಮಾನ ಉದ್ದೇಶದಿಂದ’ ಎಂಬ ಸಾಲು ನೋಡಿರುತ್ತೀರಿ. ಇದರಲ್ಲಿ ಎರಡು ಬೇರೆ ಕಲಂಗಳು ಬೆರೆತುಹೋಗಿವೆ. ಹಳೆಯ ಕಲಂ 34 ಕೇಳುವುದು ಕಾಮನ್ ಇಂಟೆನ್ಷನ್. ಇಬ್ಬರಿದ್ದರೂ ಸಾಕು, ಆದರೆ ಇಬ್ಬರ ಮನಸ್ಸಿನಲ್ಲೂ ಒಂದೇ ಇರಾದೆ ಇರಬೇಕು, ಕೆಲಸದಲ್ಲೂ ಪಾಲಿರಬೇಕು. ಕಲಂ 149 ಕೇಳುವುದು ಕಾಮನ್ ಆಬ್ಜೆಕ್ಟ್. ಅದಕ್ಕೆ ಕನಿಷ್ಠ ಐದು ಜನ ಬೇಕು. ಗುಂಪು ಹೊರಟ ಗುರಿಗಾಗಿ ಒಬ್ಬ ಕೊಂದರೂ ಉಳಿದವರೂ ಹೊಣೆ. ಆ ಗುರಿಗೆ ಹೊರಟರೆ ಇಂಥದ್ದು ನಡೆಯುವ ಸಂಭವ ಇದೆ ಎಂದು ಸದಸ್ಯರಿಗೆ ಗೊತ್ತಿದ್ದರೂ ಅಷ್ಟೇ. ಹೊಸ ಸಂಹಿತೆಯಲ್ಲಿ ಇವು 3(5) ಮತ್ತು 190.

ಹೊಡೆದು ಬೆದರಿಸಲು ಹೊರಟ ಗುಂಪಿನಲ್ಲಿ ಒಬ್ಬ ಇದ್ದಕ್ಕಿದ್ದಂತೆ ಚೂರಿ ತೆಗೆದ ಎಂದುಕೊಳ್ಳಿ. ಉಳಿದವರು ಕೊಲೆಗಾರರೇ? ಗುಂಪಿನ ಗುರಿ ಏನಿತ್ತು, ಅವನ ಬಳಿ ಚೂರಿ ಇದ್ದದ್ದು ಉಳಿದವರಿಗೆ ಗೊತ್ತಿತ್ತೇ ಎಂದು ಕೋರ್ಟು ಒಬ್ಬೊಬ್ಬರ ಲೆಕ್ಕ ಬೇರೆ ಹಾಕಬೇಕಾಗುತ್ತದೆ. ಇಂಥ ಕಡೆ ಎಲ್ಲದಕ್ಕೂ ‘ಉದ್ದೇಶ’ ಎಂದು ಬರೆದರೆ ವಾದವೇ ಕಾಣೆಯಾಗುತ್ತದೆ.

ನನ್ನ ಸಲಹೆ: ಇಂಟೆನ್ಷನ್‌ಗೆ ‘ಇರಾದೆ’, ಆಬ್ಜೆಕ್ಟ್‌ಗೆ ‘ಗುರಿ’, 304ರ ಎರಡನೇ ಭಾಗದಲ್ಲಿ ಬರುವ ನಾಲೆಜ್‌ಗೆ ‘ಅರಿವು’. ಇರಾದೆ ನಮ್ಮ ಮಾತಿನಲ್ಲೇ ಇರುವ ಪದ. ‘ಕೊಲ್ಲುವ ಇರಾದೆ ಇರಲಿಲ್ಲ’ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಧಾರವಾಡ, ಕಲಬುರಗಿ ಕಡೆಯ ಕೋರ್ಟುಗಳಲ್ಲಿ ಕೆಲಸ ಮಾಡಿದವರು ಇಲ್ಲಿದ್ದೀರಾ? ಅಲ್ಲಿನ ಹಳೆಯ ಕಾಗದಪತ್ರಗಳಲ್ಲಿ 34ಕ್ಕೂ 149ಕ್ಕೂ ಬೇರೆ ಬೇರೆ ಪದ ಬಳಸಿದ್ದು ನೋಡಿದ್ದರೆ ದಯವಿಟ್ಟು ಬರೆಯಿರಿ.