ಜನವರಿಯೊಳಗ ಮನಾಲಿಗೆ ಸ್ವಂತ ಗಾಡಿ: ಮೇಲೆ ಬಿದ್ದ ಬರ್ಫ ತೆಗೆಯೋದು ಹ್ಯಾಂಗ?

ಗಂಗಾವತಿ, ಪ್ರಶ್ನೆ:
ಜನವರಿ ಎರಡನೇ ವಾರ ಮನಿ ಮಂದಿ ಆರು ಜನ ಇನ್ನೋವಾ ಕ್ರಿಸ್ಟಾ ಡೀಸೆಲ್ ಗಾಡಿಯೊಳಗ ಮನಾಲಿಗೆ ಹೊಂಟೀವಿ. ಮೂರು ರಾತ್ರಿ ಗಾಡಿ ಬಯಲಾಗೇ ನಿಂದ್ರತೈತಿ. ಬರ್ಫ ಬಿದ್ರ ಮುಂಜಾನೆ ಹ್ಯಾಂಗ ತೆಗೀಬೇಕು? ಗಾಜಿಗೆ ಕವರ್ ಹಾಕಿದ್ರ ಸಾಕೇನು? ಇಲ್ಲಿಂದ ಏನೇನು ಒಯ್ಯಬೇಕು? ಗೊತ್ತಿದ್ದವರು ಹೇಳ್ರಿ.

ಹೊಸಪೇಟೆ, ಲಾರಿ:
ನಮ್ದು ಅಕ್ಕಿ ಲೋಡಿನ ಹತ್ತು ಚಕ್ರದ ಗಾಡಿ, ಜಮ್ಮು ದಾಟಿ ಹೋಗ್ತದೆ. ಕೀಲಿ ತಿರುಗಿಸೋಕೆ ಮುಂಚೆ ಸೈಲೆನ್ಸರ್ ಬಾಯಿ ನೋಡ್ಬೇಕು. ಅದರ ಸುತ್ತ ಎರಡು ಅಡಿ ಬರ್ಫ ಬಗೆದು ಹಾಕ್ಬೇಕು. ಇಲ್ಲಾಂದ್ರೆ ಹೊಗೆ ಗಾಡಿ ಹೊಟ್ಟೆ ಕೆಳಗೇ ಸುತ್ತಿ ಒಳಗೆ ಬರ್ತದೆ. ಆ ಹೊಗೆಯಲ್ಲಿರೋ ವಿಷಗಾಳಿ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಕುಂತವರಿಗೆ ನಿದ್ದೆ ಬಂದಂಗೇ ಆಗ್ತದೆ. ಹುಡುಗರನ್ನ ಒಳಗೆ ಕೂಡಿಸಿ ಹೀಟರ್ ಹಾಕಿ ನೀವು ಹೊರಗೆ ಬರ್ಫ ತೆಗೆಯೋದು ಬೇಡವೇ ಬೇಡ.

ಆಮೇಲೆ ತಾಡಪತ್ರಿ. ಲೋಡಿನ ನಡುವೆ ತಾಡಪತ್ರಿ ಜೋಲು ಬಿದ್ದಿದ್ರೆ ಅಲ್ಲೇ ಬರ್ಫ ಕೂಡ್ತದೆ, ಹಗಲು ಕರಗಿ ರಾತ್ರಿ ಹಲಗೆ ಹಂಗೆ ಗಟ್ಟಿಯಾಗ್ತದೆ. ಗಾಡಿ ಓಡುವಾಗ ಆ ಹಲಗೆ ಎದ್ದು ಹಿಂದಿನ ಗಾಡಿಯ ಗಾಜಿಗೇ ಹೋಗಿ ಬೀಳೋದು. ನಡುವೆ ಉದ್ದಕ್ಕೆ ಒಂದು ಬೊಂಬು ಕೊಟ್ಟು ಎರಡೂ ಕಡೆ ಇಳಿಜಾರು ಮಾಡಿ ಹಗ್ಗ ಬಿಗಿಯಬೇಕು. ಮೇಲೆ ಹತ್ತಬಾರದು, ಕಾಲು ಜಾರ್ತದೆ. ಕೋಲಿಗೆ ಗೋಣಿ ಸುತ್ತಿ ಕೆಳಗಿಂದಲೇ ನೂಕ್ಬೇಕು.

ಡೀಸೆಲ್ ಗಟ್ಟಿಯಾಗೋ ಭಯ ಇದ್ರೆ ನೂರು ಲೀಟರಿಗೆ ಹತ್ತು ಲೀಟರ್ ಸೀಮೆಎಣ್ಣೆ. ಹಳೇ ಗಾಡಿಗೆ ಅದೇ ಮದ್ದು.

ಬಳ್ಳಾರಿ, ಗ್ಯಾರೇಜ್:
ಸೀಮೆಎಣ್ಣೆ ಮಾತು ಇಲ್ಲಿಗೇ ಬಿಡ್ರಿ. ಕ್ರಿಸ್ಟಾ ಕಾಮನ್ ರೈಲ್ ಗಾಡಿ, ಅಂದ್ರೆ ರೈಲು ಅನ್ನೋ ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರಿಗೂ ಭಾರೀ ಒತ್ತಡದಾಗೆ ಡೀಸೆಲ್ ಹೋಗ್ತದೆ. ಪಂಪಿಗೂ ಇಂಜೆಕ್ಟರಿಗೂ ಡೀಸೆಲ್ಲೇ ಗ್ರೀಸು. ಸೀಮೆಎಣ್ಣೆ ಆ ಜಿಡ್ಡು ಕಳೀತದೆ, ಪಂಪು ತೇದು ಲೋಹದ ಪುಡಿ ಇಂಜೆಕ್ಟರ್ ತನಕ ಹೋಗ್ತದೆ. ನಾಲ್ಕು ಇಂಜೆಕ್ಟರ್, ಪಂಪು, ರೈಲು ಬಿಚ್ಚಿ ತೊಳೆಯೋ ಬಿಲ್ಲು ಲಕ್ಷ ದಾಟ್ತದೆ.

ಪ್ರಶ್ನೆ ಕೇಳಿದವರು ಬರ್ಫದ ಚಿಂತೆಗಿಂತ ಮೊದಲು ರೇಡಿಯೇಟರ್ ನೋಡಿಸ್ರಿ. ನಮ್ಮ ಕಡೆ ಬ್ಯಾಸಿಗಿ 42 ಡಿಗ್ರಿ ಮುಟ್ಟಿದಾಗ ಗಾಡಿ ಕಾಯ್ತದೆ ಅಂತ ಎರಡು ಕೆಟ್ಟ ಕೆಲಸ ಮಾಡ್ತಾರೆ. ಒಂದು, ಕೂಲಂಟ್ ಕಮ್ಮಿಯಾದಂಗೆಲ್ಲ ಬೋರಿನ ನೀರು ಸುರಿಯೋದು. ಇನ್ನೊಂದು, ಎಂಜಿನ್ ಕಾಯೋ ತನಕ ಕೂಲಂಟನ್ನ ರೇಡಿಯೇಟರಿಗೆ ಬಿಡದ ಥರ್ಮೋಸ್ಟಾಟ್ ವಾಲ್ವು ಕಿತ್ತು ಬಿಸಾಡೋದು. ಬರೀ ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟಿ ಹಿಗ್ಗಿದ್ರೆ ರೇಡಿಯೇಟರ್ ಕೊಳವೆ ಒಡೀತದೆ, ಬ್ಲಾಕೂ ಬಿರುಕು ಬಿಡ್ತದೆ. ವಾಲ್ವು ಇಲ್ಲದ ಎಂಜಿನ್ ಚಳಿಯಲ್ಲಿ ಕಾಯೋದೇ ಇಲ್ಲ. ಎಂಜಿನ್ ಕಾಯದಿದ್ರೆ ಹೀಟರಿಗೆ ಬಿಸಿ ಎಲ್ಲಿಂದ ಬರಬೇಕು? ಹೊರಗಿನ ಬರ್ಫ ಎಷ್ಟು ಕೆರೆದ್ರೂ ಒಳಗಿನ ಗಾಜು ಮಸುಕೇ ಇರ್ತದೆ.

ಪರೀಕ್ಷೆ ಸರಳ ಐತೆ. ತಣ್ಣಗಿದ್ದ ಗಾಡಿ ಚಾಲೂ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿ ನೋಡ್ರಿ. ಕೆಲವು ನಿಮಿಷ ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾದ್ರೆ ವಾಲ್ವು ಐತೆ. ಶುರುವಿನಿಂದಲೇ ನಿಧಾನಕ್ಕೆ ಬೆಚ್ಚಗಾಗ್ತಾ ಹೋದ್ರೆ ಇಲ್ಲ. ಎಥಿಲೀನ್ ಗ್ಲೈಕಾಲ್ ಕೂಲಂಟು ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಹಾಕಿದ್ರೆ ಸುಮಾರು ಮೈನಸ್ 37 ಡಿಗ್ರಿ ತನಕ ಗಟ್ಟಿಯಾಗಲ್ಲ. ನೀರೇ ಬೆರೆಸದ ಬರೀ ಕೂಲಂಟು ಮೈನಸ್ 13ರ ಹತ್ತಿರಾನೇ ಗಟ್ಟಿಯಾಗ್ತದೆ, ಅದಕ್ಕೇ ಜಾಸ್ತಿ ಸುರಿದ್ರೆ ಒಳ್ಳೇದು ಅನ್ನೋದು ತಪ್ಪು. ಬೆರೆಸಿಯೇ ಬರೋ ಡಬ್ಬಿಗೆ ಮತ್ತೆ ನೀರು ಹಾಕಬ್ಯಾಡ್ರಿ.

ಕೊಪ್ಪಳ, ಕಾರು:
ಅಷ್ಟೆಲ್ಲ ಬಿಚ್ಚಿ ಮಾಡೋ ಜರೂರಿಲ್ಲ ಅಣ್ಣಾರ. ನಮ್ಮ ಗಾಡಿ ಎರಡು ಸಲ ಹೋಗಿ ಬಂದೈತಿ. ಒಂದು ಕೆಟಲ್ ಬಿಸಿನೀರು ಗಾಜಿಗೆ ಸುರಿದ್ರ ಎರಡು ನಿಮಿಷದಾಗ ಸ್ವಚ್ಛ. 280 ರೂಪಾಯಿ ಕೊಟ್ಟು ತಂದ ಸ್ಕ್ರೇಪರ್ ಡಿಕ್ಕಿಯೊಳಗ ಹಂಗೇ ಬಿದ್ದೈತಿ.

ರಾಯಚೂರು, ಲೇಹ್‌ನಲ್ಲಿ ಚಾಲಕ:
ಬಿಸಿನೀರು ಖಂಡಿತ ಹಾಕಬೇಡಿ. ಎರಡು ಸಲ ಒಡೆಯದ್ದು ಮೂರನೇ ಸಲ ಒಡೆಯುತ್ತದೆ. ಅದಿರಿನ ಲಾರಿಗಳ ಹಿಂದೆ ಓಡಾಡುವ ನಮ್ಮ ಭಾಗದ ಗಾಡಿಗಳ ಗಾಜಿನಲ್ಲಿ ಕಲ್ಲು ಸಿಡಿದ ಚುಕ್ಕೆ ಒಂದಾದರೂ ಇರುತ್ತದೆ. ಮೈನಸ್‌ನಲ್ಲಿರುವ ಗಾಜಿಗೆ ಬಿಸಿನೀರು ಬಿದ್ದರೆ ಮೇಲ್ಮೈ ಮಾತ್ರ ಹಿಗ್ಗುತ್ತದೆ, ಆ ಚುಕ್ಕೆಯಿಂದಲೇ ಗೆರೆ ಓಡುತ್ತದೆ. ನನಗೆ ಬಿದ್ದ ಲೆಕ್ಕ: ಗಾಜು 11,400, ಅಂಟು ಮತ್ತು ಬೀಡಿಂಗ್ 1,650, ಕೂಲಿ 1,200. ಸುರಿದ ನೀರು ಹರಿದು ವೈಪರ್ ಬುಡದಲ್ಲಿ, ಬಾಗಿಲ ರಬ್ಬರಿನಲ್ಲಿ ಮತ್ತೆ ಗಟ್ಟಿಯಾಗಿದ್ದು ಬೇರೆ.

ಕ್ರಮ ಹೀಗೆ. ವೈಪರ್ ಸ್ವಿಚ್ ಆಫ್ ಇದೆಯೇ ಎಂದು ನೋಡಿಯೇ ಕೀಲಿ ತಿರುಗಿಸಿ. ಗಾಜಿಗೆ ಅಂಟಿದ ವೈಪರ್ ತಿರುಗಲು ಹೋದರೆ ಫ್ಯೂಸ್ ಹೋಗುತ್ತದೆ, ಇಲ್ಲವೇ ಮೋಟಾರಿನ ಲಿಂಕ್ ಕಳಚುತ್ತದೆ. ಸೈಲೆನ್ಸರ್ ತೆರವಾದ ಮೇಲೆ ಎಂಜಿನ್ ಚಾಲೂ ಮಾಡಿ, ಗಾಳಿ ಗಾಜಿನ ಕಡೆ ತಿರುಗಿಸಿ, ಮೊದಲು ಕಡಿಮೆ ಬಿಸಿ ಇಡಿ. ಎಸಿಯೂ ಚಾಲೂ ಇರಲಿ, ಅದು ಗಾಳಿಯ ತೇವ ಎಳೆಯುತ್ತದೆ. ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಆಫ್ ಇರಲಿ, ಆರು ಜನರ ಉಸಿರಿಗೆ ಗಾಜು ಕ್ಷಣದಲ್ಲಿ ಮಸುಕಾಗುತ್ತದೆ.

ಗಾಜಿಗಿಂತ ಮುಂಚೆ ಟಾಪು. ಇಲ್ಲಿ ಎಲ್ಲರೂ ಸೋಮಾರಿತನ ಮಾಡುತ್ತಾರೆ. ಮೂರು ಚದರ ಮೀಟರ್ ಟಾಪಿನ ಮೇಲೆ ಒಂದು ಅಡಿ ಹೊಸ ಹಿಮವೆಂದರೆ 90 ಕಿಲೋ ಇರಬಹುದು, ಒದ್ದೆ ಹಿಮ ಅದರ ಎರಡು ಮೂರು ಪಟ್ಟು ತೂಗುತ್ತದೆ. ಒಳಗಿನ ಬಿಸಿಗೆ ಅಡಿಪದರ ಕರಗಿರುತ್ತದೆ. ಇಳಿಜಾರಿನಲ್ಲಿ ಮೊದಲ ಬ್ರೇಕ್ ಒತ್ತಿದಾಗ ಅಷ್ಟೂ ಜಾರಿ ಮುಂದಿನ ಗಾಜು ಮುಚ್ಚುತ್ತದೆ, ವೈಪರ್‌ಗೆ ಅದನ್ನು ಎತ್ತುವ ಶಕ್ತಿಯಿಲ್ಲ. ಸಲಿಕೆ, ಕಡ್ಡಿ ಪೊರಕೆ ಮುಟ್ಟಬೇಡಿ, ಬಣ್ಣ ಗೀರುತ್ತದೆ. ಫೋಮ್ ತುದಿಯ ಕೋಲು ಅಥವಾ ಮೆತ್ತನೆಯ ಬ್ರಷ್ಷಿನಿಂದ ಬದಿಗೆ ತಳ್ಳಿ, ಬಾನೆಟ್ಟಿನ ಮೇಲಲ್ಲ. ಕೊನೆಯಲ್ಲಿ ಒಂದು ಇಂಚು ಪದರ ಬಿಟ್ಟು ಅದನ್ನು ಹಗುರವಾಗಿ ಗುಡಿಸಿ.

ನಂತರ ಬಾನೆಟ್ಟು ಮತ್ತು ಗಾಜಿನ ಬುಡದ ಜಾಲರಿ, ಹೀಟರಿಗೆ ಗಾಳಿ ಹೋಗುವುದು ಅಲ್ಲಿಂದಲೇ. ಎಲ್‌ಇಡಿ ಲೈಟುಗಳ ಗಾಜು ಹಳೇ ಬಲ್ಬಿನಷ್ಟು ಬಿಸಿಯಾಗದ ಕಾರಣ ಮೇಲಿನ ಹಿಮ ತಾನಾಗಿ ಕರಗದು, ಕೈಯಿಂದಲೇ ಒರೆಸಬೇಕು. ಚಕ್ರದ ಮೇಲಿನ ಕಮಾನಿನಲ್ಲಿ ಗಟ್ಟಿ ಕಟ್ಟಿದ್ದರೆ ಸ್ಟಿಯರಿಂಗ್ ಪೂರ್ತಿ ತಿರುಗುವುದಿಲ್ಲ. ಹತ್ತುವ ಮುಂಚೆ ಬೂಟು ಕೊಡವಿ, ಪೆಡಲ್ ಜಾರುತ್ತದೆ.

ಗಾಜಿಗೆ ಅಂಟಿದ ತೆಳು ಪದರಕ್ಕೆ 70 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೊಹಾಲ್ ಎರಡು ಪಾಲು, ನೀರು ಒಂದು ಪಾಲು ಸ್ಪ್ರೇ ಬಾಟಲಿಯಲ್ಲಿ ಬೆರೆಸಿ. ಹೊಡೆದು ಒಂದು ನಿಮಿಷ ಬಿಟ್ಟು ಪ್ಲಾಸ್ಟಿಕ್ ಸ್ಕ್ರೇಪರ್ ಆಡಿಸಿ. ದಪ್ಪ ಐಸಿಗೆ ಇದು ಸಾಲದು. ಬೀಡಿ ಸಿಗರೇಟು ದೂರವಿರಲಿ, ಅದು ಹೊತ್ತಿಕೊಳ್ಳುವ ದ್ರವ.

ಕೊಪ್ಪಳ, ಕಾರು:
ನಾನು ಹೇಳಿದ್ದು ಕುದಿಯೋ ನೀರಲ್ಲ, ಉಗುರುಬೆಚ್ಚಗಿನ ನೀರು. ಓದಿ ಮಾತಾಡ್ರಿ.

ರಾಯಚೂರು, ಲೇಹ್‌ನಲ್ಲಿ ಚಾಲಕ:
ನೀವು ಬರೆದದ್ದು ಕೆಟಲ್ ಬಿಸಿನೀರು. ಉಗುರುಬೆಚ್ಚಗಿದ್ದರೂ ಮೈನಸ್ 8ರಲ್ಲಿ ಅದೇ ಮತ್ತೆ ಐಸು. ಬೇರೆಯವರು ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದಾರೆ, ನಮ್ಮ ಅದೃಷ್ಟವನ್ನು ಅವರಿಗೆ ಸಲಹೆಯಾಗಿ ಕೊಡಬಾರದು.

ಬಳ್ಳಾರಿ, ಗ್ಯಾರೇಜ್:
ವೈಪರ್ ಮಾತು ಬಂತಲ್ಲ, ಕೇಳ್ರಿ. ಸಂಡೂರು, ತೋರಣಗಲ್ಲು ಕಡೆ ಓಡಿದ ಗಾಡಿಯ ವೈಪರ್ ರಬ್ಬರಿನ ಅಂಚಿನಾಗೆ ಅದಿರಿನ ಕೆಂಪು ಧೂಳು ಮೆತ್ತಿರ್ತದೆ. ಅದು ಉಪ್ಪುಕಾಗದ ಇದ್ದಂಗೆ. ಇಲ್ಲೇ ಹೊಸ ಬ್ಲೇಡು ಹಾಕಿಸ್ಕೊಂಡು ಹೋಗ್ರಿ. ವಾಷರ್ ಡಬ್ಬಿಯ ನಲ್ಲಿನೀರು ಪೂರ್ತಿ ತೆಗೆದು ಚಳಿಗೆ ಗಟ್ಟಿಯಾಗದ ವಾಷರ್ ದ್ರವ ತುಂಬ್ರಿ, ತುಂಬಿ ಒಂದು ನಿಮಿಷ ಹೊಡೆದು ಪೈಪಿನಾಗಿರೋ ಹಳೇ ನೀರೂ ಹೊರಗೆ ಹಾಕ್ರಿ. ಡಬ್ಬಿಯಾಗೆ ಮಾತ್ರ ಬದಲಾದ್ರೆ ಸಾಲದು, ನಾಝಲ್ಲೇ ಕಟ್ಟೋದು.

ಹೊಸಪೇಟೆ, ಲಾರಿ:
ಸೀಮೆಎಣ್ಣೆ ಬೇಡಾಂದ್ರಿ, ಸರಿ. ಮತ್ತೆ ಡೀಸೆಲ್ ಗಟ್ಟಿಯಾದ್ರೆ ಟ್ಯಾಂಕಿನ ಕೆಳಗೆ ಬೆಂಕಿ ಹಾಕ್ಬೇಕಾ? ಅದನ್ನೂ ಮಾಡೋರಿದ್ದಾರೆ, ಅದರಾಗೆ ಗಾಡಿನೇ ಸುಟ್ಟು ಹೋಗ್ತದೆ.

ಬಳ್ಳಾರಿ, ಗ್ಯಾರೇಜ್:
ಬೆಂಕಿ ಯಾರು ಹೇಳಿದ್ರು? ನಮ್ಮ ದೇಶದ ಮಾಮೂಲಿ ಡೀಸೆಲ್ಲಿಗೆ ಪೋರ್ ಪಾಯಿಂಟ್ (ಅದಕ್ಕಿಂತ ತಣ್ಣಗಾದ್ರೆ ಡೀಸೆಲ್ ಹರಿಯಲ್ಲ) ಮಿತಿ ಬ್ಯಾಸಿಗಿಗೆ 15 ಡಿಗ್ರಿ, ಚಳಿಗಾಲಕ್ಕೆ 3 ಡಿಗ್ರಿ. ಕಾಯೋ ಪ್ರದೇಶದ ಡೀಸೆಲ್ ತುಂಬಿಸ್ಕೊಂಡು ಸೀದಾ ಬೆಟ್ಟ ಹತ್ತಿದ್ರೆ ಮೇಣ ಕಟ್ಟಿ ಫಿಲ್ಟರ್ ಮುಚ್ತದೆ. ಕೆಳಗೆ ಟ್ಯಾಂಕು ಕಾಲು ಭಾಗಕ್ಕೆ ಇಳಿಸಿ, ಮೇಲಿನ ಬಂಕಿನಾಗೆ ತುಂಬ್ರಿ. 2019ರಲ್ಲಿ ಇಂಡಿಯನ್ ಆಯಿಲ್ ಲಡಾಖಿಗೆ ಅಂತ ತಂದ ಚಳಿಗಾಲದ ಡೀಸೆಲ್ ಮೈನಸ್ 33 ಡಿಗ್ರಿ ತನಕ ಹರೀತದೆ. ಹೊರಡೋಕೆ ಮುಂಚೆ ಫಿಲ್ಟರ್ ಬದಲಿಸಿ, ಅದರಾಗಿನ ನೀರು ಬಸೀರಿ. ಮೊದಲು ಐಸಾಗೋದು ಆ ನೀರು.

ಸಿಂಧನೂರು:
ಟಯರಿನ ಗಾಳಿ ಯಾರೂ ಹೇಳಲಿಲ್ಲ. ಪ್ರತಿ 5-6 ಡಿಗ್ರಿ ಇಳಿದಂಗ ಗಾಳಿ ಒತ್ತಡ ಸುಮಾರು 1 ಪಿಎಸ್‌ಐ ಕಮ್ಮಿ ಆಗತೈತಿ. ಇಲ್ಲಿ 32 ಡಿಗ್ರಿಯಾಗ ಹಾಕಿಸಿದ್ದು ಅಲ್ಲಿ ಮೈನಸ್ 5ಕ್ಕ 6-7 ಪಿಎಸ್‌ಐ ಕಮ್ಮಿ. ಇಲ್ಲೇ 7 ಜಾಸ್ತಿ ಹಾಕಿಸ್ಕೊಂಡು ಹೋಗ್ರಿ.

ರಾಯಚೂರು, ಲೇಹ್‌ನಲ್ಲಿ ಚಾಲಕ:
ಇಲ್ಲೇ 7 ಜಾಸ್ತಿ ಹಾಕಿಸಿ ಬಿಸಿ ರಸ್ತೆಯಲ್ಲಿ ನೂರರ ವೇಗದಲ್ಲಿ ಸಾವಿರಾರು ಕಿಲೋಮೀಟರ್ ಓಡಿಸುವುದೇ? ಟಯರ್ ಹಿಡಿತವೂ ಹೋಗುತ್ತದೆ, ನಡು ಸವೆಯುತ್ತದೆ. ಅದೂ ಅಲ್ಲದೆ ಮನಾಲಿ 2,000 ಮೀಟರಿನ ಆಸುಪಾಸು. ಅಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಡಿಮೆ, ಗೇಜು 2 ಪಿಎಸ್‌ಐನಷ್ಟು ಜಾಸ್ತಿ ತೋರಿಸುತ್ತದೆ. ನಿಜವಾದ ಇಳಿಕೆ 4ರ ಹತ್ತಿರ. ಗೇಜು, ಕೈ ಪಂಪು ಒಯ್ಯಿರಿ, ಅಲ್ಲಿ ಮುಂಜಾನೆ ಗಾಡಿ ಹೊರಡುವ ಮುಂಚೆ ಸರಿ ಮಾಡಿಕೊಳ್ಳಿ.

ಸಿಂಧನೂರು:
4 ಅಂದ್ರೂ ಕಮ್ಮಿನ ಆತಲ್ರಿ! ನಾನು ಹೇಳಿದ್ದು ತಪ್ಪೇನಲ್ಲ.

ಕುಷ್ಟಗಿ, ಟೂರ್ ಗಾಡಿ:
ಗಂಗಾವತಿಯವರು ಕೇಳಿದ್ದು ಕವರ್, ನೀವು ಪಿಎಸ್‌ಐ ಜಗಳ ಹಚ್ಚೀರಿ. ಪೂರ್ತಿ ಗಾಡಿ ಮುಚ್ಚೋ ಬಟ್ಟಿ ಕವರ್ ಒಯ್ಯಬ್ಯಾಡ್ರಿ. ಅದು ನೀರು ಹೀರಿ ಗಾಡಿಗೆ ಅಂಟಿ ನಿಂದ್ರತೈತಿ, ಎಳೆದ್ರ ಬಣ್ಣಾನೂ ಬರತೈತಿ. ನಿಮ್ಮೂರಾಗ ರೈಸ್ ಮಿಲ್ಲಿಗೇನು ಕಮ್ಮಿ? ಅಕ್ಕಿಯ ಪ್ಲಾಸ್ಟಿಕ್ ಚೀಲ ನಾಲ್ಕು ತಂದು ತೊಳೆದು, ಬಿಚ್ಚಿ, ಜೋಡಿಸಿ ಹೊಲಿಸ್ರಿ. ಮುಂದಿನ ಗಾಜಿನಕಿಂತ ಎರಡೂ ಕಡೆ ಒಂದೊಂದು ಅಡಿ ಹೆಚ್ಚಿರಲಿ. ಸಂಜಿಕೆ ಗಾಜು ಒರೆಸಿ ಪೂರ್ತಿ ಒಣಗಿದ ಮ್ಯಾಲೆ ಹಾಸಿ, ಅಂಚು ಎರಡೂ ಮುಂದಿನ ಬಾಗಿಲೊಳಗ ಸಿಗಿಸಿ ಮುಚ್ಚರಿ. ಒದ್ದಿ ಗಾಜಿನ ಮ್ಯಾಲೆ ಹಾಕಿದ್ರ ಚೀಲಾನೂ ಅಂಟತೈತಿ. ಬಾಗಿಲ ರಬ್ಬರಿಗೆ ಸಿಲಿಕಾನ್ ಸ್ಪ್ರೇ ಬಟ್ಟಿಗೆ ಹೊಡೆದು ತಿಕ್ಕರಿ. ಹ್ಯಾಂಡ್‌ಬ್ರೇಕ್ ಎಳೀಬ್ಯಾಡ್ರಿ, ಕೇಬಲ್ ಹಿಡಕೊಂತೈತಿ. ಸಪಾಟ ಜಾಗಾದಾಗ ಗೇರಿನೊಳಗ ನಿಲ್ಲಿಸಿ ಚಕ್ರಕ್ಕ ಕಲ್ಲು ಕೊಡ್ರಿ. ಹೊರಡೋವಾಗ ಕಲ್ಲು ತೆಗೆಯೋದು ಮರೀಬ್ಯಾಡ್ರಿ, ಬರ್ಫದೊಳಗ ಅದು ಕಾಣಂಗಿಲ್ಲ.

ಬರ್ಫದಾಗ ಜಾರದಂಗ ಟಯರಿಗೆ ಸುತ್ತೋ ಚೈನು ಕ್ರಿಸ್ಟಾಕ್ಕ ಹಿಂದಿನ ಎರಡು ಚಕ್ರಕ್ಕ. ಹಿಂದಿನವು ತಳ್ಳೋ ಗಾಡಿ ಅದು.