ಬಾಲ ಉಜ್ಜಿದ ವಿಮಾನವನ್ನು ನಿಲ್ಲಿಸಿದ್ದು ತಪ್ಪೇ?

(‘ಹಾಸನದ ಮನೆ’ ಗುಂಪು)

ಭಾವ: [ಚಿತ್ರ] ನೋಡಿ, ಬಾಲದ ಕೆಳಗೆ ಮೊಳದುದ್ದ ಬಣ್ಣ ಕಿತ್ತು ಲೋಹ ಹೊಳೆಯುತ್ತಿದೆ, ಅಷ್ಟೇ. ಬೆಳಗ್ಗೆ ಇಳಿಯುವಾಗ ರನ್‌ವೇಗೆ ಉಜ್ಜಿತಂತೆ. ಅಷ್ಟಕ್ಕೇ ಪ್ರಯಾಣ ರದ್ದು ಮಾಡಿ ನಮ್ಮನ್ನು ದೆಹಲಿಯಲ್ಲಿ ಕೂರಿಸಿದ್ದಾರೆ. ನಾಳೆ ಗೃಹಪ್ರವೇಶ, ನಾನಿಲ್ಲಿ!

ಚಿಕ್ಕಪ್ಪ: ಅನ್ಯಾಯ. ಶಿರಾಡಿ ಘಾಟಿಯಲ್ಲಿ ಬಸ್ಸಿನ ಹಿಂಬದಿ ಬಂಡೆಗೆ ತಾಗಿದರೆ ಡ್ರೈವರ್ ಇಳಿದು ನೋಡಿ ಮುಂದೆ ಹೋಗುತ್ತಾನೆ.

ನಾನು: ಚಿಕ್ಕಪ್ಪ, ಬಸ್ಸಿನೊಳಗೆ ಗಾಳಿ ತುಂಬಿ ಬಿಗಿದಿರುವುದಿಲ್ಲ. 35,000 ಅಡಿ ಎತ್ತರದಲ್ಲಿ ವಿಮಾನದ ಒಳಗೋಡೆಯ ಪ್ರತಿ ಚದರ ಮೀಟರಿನ ಮೇಲೆ ಸುಮಾರು 5 ಟನ್ ಒತ್ತಡ ಇರುತ್ತದೆ. ಬಾಲದ ಕಡೆ ಅದನ್ನು ತಡೆಯುವುದು ಪ್ರೆಷರ್ ಬಲ್ಕ್‌ಹೆಡ್ ಎಂಬ ಬೋಗುಣಿಯಾಕಾರದ ಗೋಡೆ. ಬಾಲ ನೆಲಕ್ಕೆ ಬಡಿದಾಗ ಪೆಟ್ಟು ಅದಕ್ಕೂ ತಗಲಬಹುದು.

ಭಾವ: ವಿಮಾನ ಸುರಕ್ಷಿತವಾಗಿಯೇ ಇಳಿದಿದೆಯಲ್ಲ?

ನಾನು: 1978ರ ಜೂನ್ 2ರಂದು ಒಸಾಕಾದಲ್ಲಿ ಜಪಾನ್ ಏರ್‌ಲೈನ್ಸ್‌ನ ಬೋಯಿಂಗ್ 747 ವಿಮಾನ ಕೂಡ ಬಾಲ ಉಜ್ಜಿಕೊಂಡು ಇಳಿದು ನಿಂತಿತ್ತು. ಬಲ್ಕ್‌ಹೆಡ್ಡನ್ನು ದುರಸ್ತಿ ಮಾಡಿದರು. ಜೋಡಣೆಗೆ ಒಂದೇ ಅಖಂಡ ತಗಡು ಹಾಕಬೇಕಿತ್ತು, ಎರಡು ತುಂಡು ಹಾಕಿದರು. ಎರಡು ಸಾಲು ರಿವೆಟ್ (ತಗಡು ಬಿಗಿಯುವ ಮೊಳೆ) ಹೊರಬೇಕಾದ ಭಾರ ಒಂದೇ ಸಾಲಿನ ಮೇಲೆ ಬಿತ್ತು. ಏಳು ವರ್ಷ ಅದೇ ವಿಮಾನ ಹಾರಿತು. ಏರಿದಾಗಲೆಲ್ಲ ಒತ್ತಡ, ಇಳಿದಾಗಲೆಲ್ಲ ಸಡಿಲ. ಬಿರುಕು ಒಳಗೊಳಗೇ ಬೆಳೆಯಿತು. 1985ರ ಆಗಸ್ಟ್ 12ರಂದು ಬಲ್ಕ್‌ಹೆಡ್ ಒಡೆದು, ಬಾಲದ ನಿಲುವು ರೆಕ್ಕೆಯೇ ಕಿತ್ತುಹೋಗಿ, ವಿಮಾನವನ್ನು ತಿರುಗಿಸುವ, ಏರಿಳಿಸುವ ಹೈಡ್ರಾಲಿಕ್ ವ್ಯವಸ್ಥೆ ಪೂರ್ತಿ ಕೈಕೊಟ್ಟಿತು. ಸುಮಾರು ಅರ್ಧ ಗಂಟೆ ಒದ್ದಾಡಿ ವಿಮಾನ ಬೆಟ್ಟಕ್ಕೆ ಬಿತ್ತು. 520 ಜನ ಸತ್ತರು, ಉಳಿದವರು ನಾಲ್ವರು.

ಅಕ್ಕ: ಅಯ್ಯೋ ದೇವರೇ.

ಭಾವ: ಅದು ಹಳೆಯ ಕಾಲದ ಕಥೆ.

ನಾನು: ಚೈನಾ ಏರ್‌ಲೈನ್ಸ್‌ನ 747 ಹಾಂಗ್‌ಕಾಂಗ್‌ನಲ್ಲಿ ಬಾಲ ಉಜ್ಜಿದ್ದು 1980ರಲ್ಲಿ. ಗೀರು ಬಿದ್ದ ಹೊದಿಕೆಯನ್ನು ಕತ್ತರಿಸಿ ತೆಗೆಯದೆ ಮೇಲೊಂದು ತಗಡು ಬಡಿದರು. 2002ರ ಮೇ 25ರಂದು ಅದು ಆಕಾಶದಲ್ಲೇ ಚೂರಾಯಿತು, 225 ಸಾವು. ಇಪ್ಪತ್ತೆರಡು ವರ್ಷ ಆ ಗೀರು ತಗಡಿನಡಿ ಅಡಗಿತ್ತು. ಈಗ ನೀವು ಕಳುಹಿಸಿದ ಚಿತ್ರವನ್ನು ಇನ್ನೊಮ್ಮೆ ನೋಡಿ ಭಾವ. ಹೊರಗಿನ ಬಣ್ಣವಷ್ಟೇ ನಮಗೆ ಕಾಣುವುದು.

ಚಿಕ್ಕಪ್ಪ: ಹಾಗಾದರೆ ಆ ಪೈಲಟ್‌ನನ್ನು ಮೊದಲು ಮನೆಗೆ ಕಳುಹಿಸಬೇಕು.

ನಾನು: ವಿಚಾರಣೆಗೆ ಮೊದಲೇ ಬೇಡ ಚಿಕ್ಕಪ್ಪ. ಇಳಿಯುವಾಗ ವೇಗ ಕುಸಿದರೆ ವಿಮಾನ ದೊಪ್ಪನೆ ಬೀಳದಂತೆ ಮೂತಿ ಎತ್ತುತ್ತಾರೆ, ಬಾಲ ತಗ್ಗುತ್ತದೆ. ಕೆಲವೊಮ್ಮೆ ಚಕ್ರ ಪುಟಿದು ಮತ್ತೆ ಮೇಲೇಳುತ್ತದೆ. ಆಗಲೂ ಮೂತಿ ಹೆಚ್ಚು ಎತ್ತಿದರೆ ಮುಗಿಯಿತು. ಉದಾಹರಣೆಗೆ ಏರ್‌ಬಸ್ 321 ಎಂಬ ವಿಮಾನ ಸುಮಾರು 44.5 ಮೀಟರ್ ಉದ್ದ. ಚಕ್ರದ ಮೇಲೆ ಭಾರ ಬಿದ್ದ ಮೇಲೆ 10 ಡಿಗ್ರಿಯಷ್ಟು ಮೂತಿ ಎತ್ತಿದರೂ ಬಾಲ ನೆಲ ಮುಟ್ಟುತ್ತದೆ. ಜೋರಾಗಿ ಪುಟಿದರೆ ಇಳಿಯುವ ಹಟ ಬಿಟ್ಟು ಮತ್ತೆ ಮೇಲೇರಬೇಕು ಎಂದೇ ಪೈಲಟ್‌ಗಳಿಗೆ ಕಲಿಸುತ್ತಾರೆ.

ಚಿಕ್ಕಮ್ಮ: ಒಳಗೆ ಕುಳಿತವರಿಗೆ ಗೊತ್ತಾಗುವುದಿಲ್ಲವೇ?

ನಾನು: ಹಿಂದೆ ಕೂರುವ ಸಿಬ್ಬಂದಿಗೆ ಸದ್ದು ಕೇಳಿಸಬಹುದು. ಮುಂದಿರುವ ಪೈಲಟ್‌ಗೆ ತಿಳಿಯದೆಯೂ ಹೋಗಬಹುದು.

ಭಾವ: ತಪಾಸಣೆ ಮಾಡಲಿ, ಬೇಡ ಎನ್ನುವುದಿಲ್ಲ. ಆದರೆ ಕೌಂಟರಿನಲ್ಲಿ ‘ತಾಂತ್ರಿಕ ಕಾರಣ’ ಎಂದಷ್ಟೇ ಹೇಳಿದರು. ಉಜ್ಜಿದ ವಿಷಯ ಪಕ್ಕದ ಪ್ರಯಾಣಿಕರಿಂದ ತಿಳಿಯಿತು. ಇದು ಸರಿಯೇ?

ನಾನು: ಸರಿಯಲ್ಲ. ಅದಕ್ಕೆ ನೀವು ಜಗಳವಾಡಿ, ನಾನೂ ನಿಮ್ಮ ಕಡೆಗೇ. ಆ ವಿಮಾನವನ್ನೇ ಹಾರಿಸಿ ಎಂದು ಮಾತ್ರ ಕೇಳಬೇಡಿ.

ಅಕ್ಕ: ರಾತ್ರಿಯ ವಿಮಾನದಲ್ಲಿ ಸೀಟು ಸಿಕ್ಕರೆ ತಿಳಿಸಿರಿ. ಬೆಂಗಳೂರಿಗೆ ಕಾರು ಕಳುಹಿಸುತ್ತೇನೆ.